ಕಲ್ಲು ಹೊತ್ತ ಮಂತ್ರಿ

ಬನ್ನಿ, ಮುಂದೆ ಬನ್ನಿ. ಕಂಬದ ಹಿಂದೆ ಕೂತರೆ ನಾನು ನಿಮಗೆ ಕಾಣಲ್ಲ, ನೀವು ನನಗೆ ಕಾಣಲ್ಲ. ಅಲ್ಲಿ ಮೊಬೈಲ್ ನೋಡೋಕೆ ಅನುಕೂಲ ಅಂತ ನನಗೂ ಗೊತ್ತು. ಬನ್ನಿ ಸ್ವಾಮೀ, ಮುಂದೆ ಚಾಪೆ ಖಾಲಿ ಇದೆ.

ನಿನ್ನೆ ಪ್ರವಚನ ಮುಗಿದ ಮೇಲೆ ಒಬ್ಬ ತಾಯಿ ನನ್ನ ಹತ್ತಿರ ಬಂದರು. "ಬುದ್ಧೀ, ನಾನು ನಿಜ ಹೇಳಿದ್ರೂ ನಮ್ಮನೇಲಿ ಯಾರೂ ನಂಬಲ್ಲ. ಏನ್ಮಾಡ್ಲಿ?" ಅಂದರು. ನಾನು ಕೇಳಿದೆ, "ಎಷ್ಟು ದಿನದಿಂದ ನಿಜ ಹೇಳ್ತಿದ್ದೀರಿ ತಾಯೀ?" ಆಕೆ ಸ್ವಲ್ಪ ಯೋಚನೆ ಮಾಡಿ, "ಮೊನ್ನೆ ಸೋಮವಾರದಿಂದ" ಅಂದರು.

ನಗಬೇಡಿ! ನಗಬೇಡಿ, ಆ ತಾಯಿ ನನಗಿಂತ ದೊಡ್ಡೋರು. ಸೋಮವಾರದಿಂದಾದರೂ ಶುರು ಮಾಡಿದಾರಲ್ಲ. ನಾವು ನೀವು ಯಾವ ವಾರದಿಂದ? ಆ ತಾಯಿಗೆ ನಿನ್ನೆ ನಾನು ಉತ್ತರ ಕೊಡಲಿಲ್ಲ. ಇವತ್ತು ಒಂದು ಕಥೆ ಹೇಳ್ತೀನಿ. ಎಲ್ಲರೂ ಕೇಳಿ.

ಹಿಮಾಲಯದ ಮಡಿಲಲ್ಲಿ ಶಿಲಾಗಢ ಅಂತ ಒಂದು ರಾಜ್ಯ. ಭೂಪಟ ತೆಗೆದು ಹುಡುಕಬೇಡಿ, ಸಿಗಲ್ಲ. ಇದು ಕಥೆಯ ರಾಜ್ಯ. ಅಜ್ಜ ರಾಜನಾಗಿದ್ದಾಗ ಆ ರಾಜ್ಯಕ್ಕೆ ಏಳು ಕೋಟೆ. ಮಗನ ಕಾಲಕ್ಕೆ ನಾಲ್ಕು. ಮೊಮ್ಮಗ ಪಟ್ಟಕ್ಕೆ ಬರೋ ಹೊತ್ತಿಗೆ ಒಂದೂವರೆ. ಅದೇನು ಒಂದೂವರೆ? ನೋಡಿ, ಎರಡನೇ ಕೋಟೆಯ ಅರ್ಧ ಗೋಡೆ ಬಿದ್ದುಹೋಗಿತ್ತು, ಅದರ ಕಲ್ಲನ್ನ ಜನ ಕುರಿಹಟ್ಟಿ ಕಟ್ಟೋಕೆ ಒಯ್ದಿದ್ದರು. ಅರಮನೆಯ ಸೂರಿನ ದೇವದಾರು ಹಲಗೆಗಳು ಕೊಳೆತಿದ್ದವು. ಹಿಮ ಕರಗಿದಾಗ ದರ್ಬಾರಿನಲ್ಲೇ ಸೋರ್ತಿತ್ತು. ಸೂರು ರಿಪೇರಿ ಮಾಡಿಸೋ ಬದಲು ಅವರು ಏನು ಮಾಡ್ತಿದ್ದರು ಗೊತ್ತಾ? ಸಿಂಹಾಸನವನ್ನ ಎತ್ತಿ ಪಕ್ಕಕ್ಕಿಡ್ತಿದ್ದರು. ಹಂಗಿತ್ತು ರಾಜ್ಯಭಾರ.

ರಾಜ ಇನ್ನೂ ಎಳೆಯ, ಇಪ್ಪತ್ತೆರಡರ ಪ್ರಾಯ. ಮೃದು ಮನಸ್ಸು. ಯಾರು ಕೊನೆಗೆ ಮಾತಾಡಿದರೋ ಅವರದ್ದೇ ಸರಿ ಅನ್ನೋ ಪೈಕಿ. ಅಂಥ ರಾಜನ ಕಿವಿ ಹತ್ತಿರ ಒಬ್ಬ ಮಂತ್ರಿ. ಹೆಸರು ಮನೋರಥ. ಐವತ್ತು ವರ್ಷ, ತೆಳ್ಳಗಿನ ಮೈ, ಮಡಿಕೆ ಕೆಡದ ಶಾಲು, ಏಳು ಭಾಷೆ ಬಲ್ಲವ. ಯಾವ ಹಳ್ಳಿಯಲ್ಲಿ ಯಾರ ಮನೆ ಒಲೆ ಉರಿದಿಲ್ಲ ಅನ್ನೋದು ಆ ಮನೆಯವರಿಗಿಂತ ಮೊದಲು ಅವನಿಗೆ ಗೊತ್ತಾಗ್ತಿತ್ತು. ಇಷ್ಟು ಬುದ್ಧಿ ಇದ್ದವನು ಆ ರಾಜ್ಯವನ್ನ ಎತ್ತಿ ನಿಲ್ಲಿಸಬಹುದಿತ್ತು. ನಿಲ್ಲಿಸಬಹುದಿತ್ತಾ ಇಲ್ವಾ? ನಿಲ್ಲಿಸಬಹುದಿತ್ತು. ಆದರೆ ಅವನಿಗೆ ಬೇಕಾಗಿದ್ದು ಬೇರೆ. ಎಲ್ಲರಿಗೂ ತಾನೇ ಬೇಕಾಗಬೇಕು. ಎಲ್ಲರೂ ತನ್ನ ಬಾಗಿಲಿಗೇ ಬರಬೇಕು.

ಅದಕ್ಕೆ ಅವನು ಏನು ಮಾಡಿದ? ಜನರ ನಡುವೆ ಬಿರುಕು ಮೂಡಿಸಿದ. ರಾಣಿ ಹತ್ತಿರ ಹೋಗಿ ಅತ್ತೆಯ ಮಾತು. ಅತ್ತೆ ಹತ್ತಿರ ಹೋಗಿ ರಾಣಿಯ ಮಾತು. ಪುರೋಹಿತನಿಗೆ ಕೋಠಿಯ, ಅಂದ್ರೆ ಉಗ್ರಾಣದ, ಅಧಿಕಾರಿ ಮೇಲೆ ಅನುಮಾನ. ಅಣ್ಣನಿಗೆ ತಮ್ಮನ ಮೇಲೆ. ಅವನು ದೊಡ್ಡ ಸುಳ್ಳು ಹೇಳ್ತಿರಲಿಲ್ಲ, ಅದು ನೆನಪಿರಲಿ. ನಡೆದದ್ದನ್ನೇ ಹೇಳಿ, ಅದರ ಪಕ್ಕದಲ್ಲಿ ಒಂದು ಪ್ರಶ್ನೆ ಇಟ್ಟು ಬರ್ತಿದ್ದ. ಶುರು ಮಾಡೋ ರೀತಿ ಯಾವಾಗಲೂ ಒಂದೇ: "ನಾನು ಹೇಳಬಾರದು, ಆದರೂ..."

ಈಗ್ಯಾಕೆ ಯಾರೂ ನಗಲಿಲ್ಲ? ಆ ಮಾತು ಎಲ್ಲೋ ಕೇಳಿದ ಹಾಗಿದೆಯಾ?

ಆ ರಾಜ್ಯದ ಪಡುವಣ ಗಡಿಯಲ್ಲಿ ಬುರಾಂಸಿ ಘಾಟಿ ಅಂತ ಒಂದು ದಾರಿ. ಎರಡು ಬೆಟ್ಟದ ನಡುವೆ ಇಕ್ಕಟ್ಟು, ಒಬ್ಬರ ಹಿಂದೆ ಒಬ್ಬರೇ ನಡೀಬೇಕು. ಘಾಟಿಯ ಕೆಳಗೆ ಐದು ಹಳ್ಳಿ. ಆ ಘಾಟಿ ಕಾಯ್ತಿದ್ದವನು ಪದಮ್ ಬಿಷ್ಟ ಅನ್ನೋ ದಳವಾಯಿ. ಅವನ ಕೈಕೆಳಗೆ ನೂರು ಸೈನಿಕರು. ಒಂದು ವರ್ಷ ಚಳಿಗಾಲದಲ್ಲಿ ರಾಜಧಾನಿಯಿಂದ ಧಾನ್ಯ ಬರಲಿಲ್ಲ. ಪದಮ್ ಏನು ಮಾಡಿದ? ತನ್ನ ಮನೆಯ ಗೋಧಿ, ತನ್ನ ಮನೆಯ ತುಪ್ಪ ತಂದು ನೂರು ಜನಕ್ಕೂ ಹಾಕಿದ. ಅವನ ಹೆಂಡತಿ ಬಚೂಲಿ ನಾಲ್ಕು ತಿಂಗಳು ಒಲೆ ಮುಂದೆಯೇ ಕೂತು ರೊಟ್ಟಿ ಸುಟ್ಟಳು. ಚಳಿಗಾಲ ಕಳೀತು. ಪದಮ್ ರಾಜಧಾನಿಗೆ ಬಂದು ರಾಜನ ಎದುರಿಗೇ ಹೇಳಿದ: "ಪ್ರಭು, ಘಾಟಿಯ ಗೋಡೆ ಕಟ್ಟಿಸಿದ್ದೀವಿ ಅಂತ ನಿಮಗೆ ಹೇಳಿದಾರೆ. ಕಟ್ಟಿಲ್ಲ. ಧಾನ್ಯ ಕಳಿಸಿದ್ದೀವಿ ಅಂತ ಹೇಳಿದಾರೆ. ಬಂದಿಲ್ಲ."

ಅಷ್ಟೇ ಸಾಕಾಯ್ತು. ರಾಜನ ಜೊತೆ ನೇರವಾಗಿ ಮಾತಾಡೋನು ಮನೋರಥನಿಗೆ ಹೇಗೆ ಹಿಡಿಸ್ತಾನೆ? ಮಾರನೇ ದಿನವೇ ಮಂತ್ರಿ ರಾಜನ ಪಕ್ಕ ಕೂತ. ಮುಖದಲ್ಲಿ ನಗು, ಮಾತಲ್ಲಿ ಜೇನು. "ಪದಮ್ ನಮ್ಮ ರಾಜ್ಯದ ಚಿನ್ನ, ಪ್ರಭು. ಅಂಥವರು ಇನ್ನೊಬ್ಬರಿಲ್ಲ. ನಾನು ಹೇಳಬಾರದು, ಆದರೂ... ಅವನು ಸೈನಿಕರಿಗೆ ತನ್ನ ಮನೆಯಿಂದ ತುಪ್ಪ ಉಣಿಸಿದ್ದಾನೆ. ಯಾಕೆ ಉಣಿಸಿದ? ನಾಳೆ ಆ ನೂರು ಜನ ಯಾರ ಮಾತು ಕೇಳ್ತಾರೆ? ನಿಮ್ಮದಾ, ಉಪ್ಪು ಹಾಕಿದವನದಾ?"

ನೋಡಿ! ಹಸಿದವರಿಗೆ ಅನ್ನ ಹಾಕಿದ್ದೇ ಅಪರಾಧ ಆಯ್ತು.

ರಾಜ ಹೆದರಿದ. ತುಂಬಿದ ದರ್ಬಾರಿನಲ್ಲಿ ಪದಮ್‌ನ ಕತ್ತಿ ಬಿಚ್ಚಿಸಿದರು, ಪೇಟ ತೆಗೆಸಿದರು. ಮನೋರಥ ಆಗಲೂ ಪಕ್ಕದಲ್ಲಿ ನಿಂತು, "ಬೇಜಾರು ಮಾಡ್ಕೋಬೇಡಿ ದಳವಾಯಿಗಳೇ, ಇದು ನಿಮ್ಮ ಒಳ್ಳೇದಕ್ಕೇ" ಅಂತ ಬೆನ್ನು ಸವರಿದ. ಪದಮ್ ಮಂತ್ರಿಯ ಮುಖವನ್ನೇ ನೋಡ್ತಾ ನಿಂತ. ಆಮೇಲೆ ಹೆಂಡತಿಯನ್ನ ಕರಕೊಂಡು ಬೆಟ್ಟದ ಮೇಲಿನ ತನ್ನ ಹಳ್ಳಿಗೆ ಹೋದ. ಕುರಿ ಕಾಯ್ದ, ಉಣ್ಣೆ ಹಿಂಜಿದ, ಕಂಬಳಿ ಮಾರಿದ. ಹೀಗೆ ಏಳು ವರ್ಷ. ಘಾಟಿಯಲ್ಲಿದ್ದ ನೂರು ಜನರಲ್ಲಿ ಹನ್ನೊಂದು ಜನ ಉಳಿದರು. ಮಿಕ್ಕವರನ್ನ ಮನೆಗೆ ಕಳಿಸಿದರು.

ಈಗ ಮಂತ್ರಿಗೆ ಇನ್ನೊಂದು ಯೋಚನೆ ಬಂತು. ಈ ರಾಜ್ಯ ಮುಳುಗೋ ದೋಣಿ, ನಾನು ಬೇರೆ ದೋಣಿ ನೋಡ್ಕೋಬೇಕು. ತಾನೇ ತೂತು ಕೊರೆದವನು ತಾನೇ ದೋಣಿ ಹುಡುಕ್ತಾನೆ, ನೋಡಿ ಎಂಥ ಮನುಷ್ಯ! ಪಡುವಣದ ದೊಡ್ಡ ರಾಜ್ಯಕ್ಕೆ ಗುಟ್ಟಾಗಿ ಕಾಗದ ಬರೆದ. "ಘಾಟಿಯಲ್ಲಿ ಹನ್ನೊಂದೇ ಜನ ಇದ್ದಾರೆ. ನೀವು ಬನ್ನಿ. ಗೆದ್ದ ಮೇಲೆ ನನ್ನನ್ನ ಇಲ್ಲಿನ ಅಧಿಪತಿ ಮಾಡಿ. ಜನರಿಗೆ ತೊಂದರೆ ಮಾಡಬೇಡಿ." ಅವರು ಆಗಲಿ ಅಂತ ಮಾತು ಕೊಟ್ಟರು.

ವಸಂತ ಬಂತು, ಹಿಮ ಕರಗೋಕೆ ಶುರುವಾಯ್ತು. ತೀರ್ಥಯಾತ್ರೆ ನೆಪ ಹೇಳಿ ಮನೋರಥ ಗಡಿಯ ಒಂದು ಬಿಸಿನೀರಿನ ಬುಗ್ಗೆ ಹತ್ತಿರ ಪಡುವಣದ ಸೇನಾಪತಿಯನ್ನ ಭೇಟಿ ಮಾಡಿದ. ಸೇನಾಪತಿ ಗೆದ್ದೇಬಿಟ್ಟವನ ಹಾಗೆ ಕಾಲು ಚಾಚಿ ಕೂತಿದ್ದ.

"ಒಂಬತ್ತನೇ ದಿನ ಬೆಳಿಗ್ಗೆ ಘಾಟಿ ದಾಟ್ತೀವಿ," ಅಂದ. "ಮೊದಲು ಕೆಳಗಿನ ಐದೂ ಹಳ್ಳಿ ಸುಡ್ತೀವಿ. ಗಟ್ಟಿಮುಟ್ಟಾದವರನ್ನ ಹೊರೆ ಹೊರೋಕೆ ಹಿಡ್ಕೋತೀವಿ. ಹಿಂದಿನಿಂದ ಕಲ್ಲೆಸೆಯೋರು ಯಾರೂ ಉಳೀಬಾರದಲ್ಲ."

ಆ ಐದು ಹಳ್ಳಿಗಳಲ್ಲಿ ಒಂದು ಮನೋರಥ ಹುಟ್ಟಿದ ಊರು. ಅವನ ಅಕ್ಕ ಇನ್ನೂ ಅಲ್ಲೇ ಇದ್ದಳು. ತಾಯಿ ಇಲ್ಲದ ಅವನನ್ನ ಬೆನ್ನಿಗೆ ಕಟ್ಟಿಕೊಂಡು ಹೊಲ ಉತ್ತ ಅಕ್ಕ.

"ಜನರನ್ನ ಮುಟ್ಟಲ್ಲ ಅಂತ ಮಾತು ಕೊಟ್ಟಿದ್ರಿ," ಅಂದ.

ಸೇನಾಪತಿ ನಕ್ಕ. "ಮಂತ್ರಿಗಳೇ, ನಿಮ್ಮ ರಾಜನಿಗೆ ನೀವು ಕೊಟ್ಟ ಮಾತು ಎಷ್ಟು ಗಟ್ಟಿನೋ, ನಾವು ನಿಮಗೆ ಕೊಟ್ಟ ಮಾತೂ ಅಷ್ಟೇ ಗಟ್ಟಿ."

ಅದುವರೆಗೂ ಎಷ್ಟು ಮನೆ ಒಡೆದಿದ್ದ! ಯಾವತ್ತಾದರೂ ಎದೆ ನಡುಗಿತ್ತಾ? ಇಲ್ಲ. ಈಗ ಬೆಂಕಿ ಅಕ್ಕನ ಮನೆಯ ಸೂರಿಗೆ ಬರುತ್ತೆ ಅಂದಾಗ ನಡುಗಿತು. ನಾವೂ ಅಷ್ಟೇ ಅಲ್ವಾ? ನಮ್ಮ ಮಗಳ ಬಗ್ಗೆ ಯಾರೋ ಇಲ್ಲದ್ದು ಆಡಿದಾಗಲೇ ನಮಗೆ ಗೊತ್ತಾಗೋದು, ಮಾತು ಸುಡುತ್ತೆ ಅಂತ.

ಎರಡು ದಿನ ಕುದುರೆ ಓಡಿಸಿ ರಾಜಧಾನಿಗೆ ಬಂದ. ಧೂಳು ಮೆತ್ತಿದ ಮೈಯಲ್ಲೇ ದರ್ಬಾರಿಗೆ ನುಗ್ಗಿದ. "ಪ್ರಭು, ಪಡುವಣದವರು ಬರ್ತಿದ್ದಾರೆ! ಬುರಾಂಸಿ ಘಾಟಿಯಿಂದ! ಏಳೇ ದಿನ ಇದೆ, ಸೈನ್ಯ ಕಳಿಸಿ!"

ದರ್ಬಾರಿನಲ್ಲಿ ಪುರೋಹಿತ ಕೋಠಿ ಅಧಿಕಾರಿಯ ಮುಖ ನೋಡಿದ. ಏಳು ವರ್ಷ ಮಾತು ಬಿಟ್ಟವರು ಅವತ್ತು ಒಂದೇ ನೋಟ ನೋಡಿದರು. "ಇದರಲ್ಲಿ ಇವನಿಗೇನು ಲಾಭ?" ಅಂದ ಒಬ್ಬ. ಇನ್ನೊಬ್ಬ ಎದ್ದು ನಿಂತ: "ಪ್ರಭು, ಸೈನ್ಯವನ್ನೆಲ್ಲ ಘಾಟಿಗೆ ಕಳಿಸಿ, ಇನ್ನೊಂದು ಕಡೆಯ ಹೊಳೆದಾರಿಯನ್ನ ಶತ್ರುವಿಗೆ ತೆರೆದಿಡೋ ಹೂಟ ಇದು. ಇವನ ಬುದ್ಧಿ ನಮಗೆ ಗೊತ್ತಿಲ್ವಾ?"

ಮನೋರಥ ಅತ್ತ. ನಿಜವಾಗಲೂ ಅತ್ತ. ಜನ ಏನಂದರು? "ಚೆನ್ನಾಗಿ ಅಳ್ತಾನೆ" ಅಂದರು.

ಆಗ ರಾಜ ಒಂದೇ ಪ್ರಶ್ನೆ ಕೇಳಿದ. "ಈ ಸುದ್ದಿ ನಿಮಗೆ ಹೇಳಿದ್ದು ಯಾರು?"

ಅಲ್ಲಿ, ನೋಡಿ, ಅಲ್ಲಿ ಸಿಕ್ಕಿಬಿದ್ದ. ಉತ್ತರ ಹೇಳಬೇಕು ಅಂದ್ರೆ ಕಾಗದದ ವಿಷಯ ಹೇಳಬೇಕು. ದ್ರೋಹ ಒಪ್ಕೋಬೇಕು. ಒಂದು ಕ್ಷಣ ತಡವರಿಸಿದ. ಆಮೇಲೆ, "ಒಬ್ಬ ಗೂಢಚಾರ..." ಅಂದ. ದೇಶ ಉಳಿಸೋ ನಿಜವನ್ನ ಹೇಳುವಾಗಲೂ ತನ್ನ ಚರ್ಮ ಉಳಿಸೋಕೆ ಅದರೊಳಗೆ ಒಂದು ಸುಳ್ಳು ಸೇರಿಸಿದ! ರಾಜನಿಗೆ ಅಷ್ಟು ಸಾಕಾಯ್ತು. ಮಂತ್ರಿಯ ಮುದ್ರೆಯುಂಗುರ ಕಸಕೊಂಡ. "ಮನೇಲಿ ಕೂತ್ಕೊಳ್ಳಿ. ನಿಮ್ಮ ಲೆಕ್ಕಾಚಾರ ಆಮೇಲೆ ನೋಡ್ತೀನಿ" ಅಂದ. ಇದ್ದಬದ್ದ ಸೈನ್ಯವನ್ನೆಲ್ಲ ಹೊಳೆದಾರಿಗೇ ಕಳಿಸಿದ.

ಮನೋರಥ ಬೀದಿಗೆ ಬಂದ. ಯಾರ ಹತ್ತಿರ ಹೋಗಬೇಕು? ಒಂದೊಂದೇ ಮನೆ ನೆನೆಸಿಕೊಂಡ. ಆ ಮನೆ? ಅದನ್ನ ಒಡೆದಿದ್ದೀನಿ. ಈ ಮನೆ? ಇದನ್ನೂ ಒಡೆದಿದ್ದೀನಿ. ಇಡೀ ರಾಜ್ಯದಲ್ಲಿ ಅವನ ಮಾತು ಕೇಳೋ ಒಂದು ಕಿವಿ ಇರಲಿಲ್ಲ. ಕಡೆಗೆ ಅವನ ಕಾಲು ಎಲ್ಲಿಗೆ ಹೊರಟಿತು? ಯಾರಿಗೆ ಎಲ್ಲರಿಗಿಂತ ಹೆಚ್ಚು ಅನ್ಯಾಯ ಮಾಡಿದ್ದನೋ, ಅವನ ಮನೆಗೆ.

ಮೂರು ದಿನ ಬೆಟ್ಟ ಹತ್ತಿದ. ಕುದುರೆ ಇಲ್ಲ, ಸೇವಕರಿಲ್ಲ. ಮಟಮಟ ಮಧ್ಯಾಹ್ನ ಪದಮ್‌ನ ಅಂಗಳ ಮುಟ್ಟಿದ. ಪದಮ್ ಕಟ್ಟೆ ಮೇಲೆ ಕೂತು ಉಣ್ಣೆ ಹಿಂಜ್ತಿದ್ದ. ಬಚೂಲಿ ಮಗ್ಗದ ಮುಂದಿದ್ದಳು. ಇವನನ್ನ ಕಂಡವಳೇ ಎದ್ದು ಸೌದೆ ರಾಶಿಯಿಂದ ಒಂದು ದೊಣ್ಣೆ ಕೈಗೆ ತಗೊಂಡಳು.

"ಇನ್ನೇನು ಉಳಿದಿದೆ ಅಂತ ಬಂದೆ? ಕತ್ತಿ ತಗೊಂಡಾಯ್ತು, ಪೇಟ ತಗೊಂಡಾಯ್ತು. ಈ ಕುರಿ ಬೇಕಾ?"

"ತಾಯೀ, ಹೊಡೀರಿ. ಆದರೆ ಮೊದಲು ನನ್ನ ಮಾತು ಕೇಳಿ."

"ನಿನ್ನ ಮಾತು ಕೇಳಿಯೇ ನಾವು ಇಲ್ಲಿ ಕೂತಿರೋದು."

ಪದಮ್ ಕೈ ನಿಲ್ಲಿಸಲಿಲ್ಲ. "ಬಚೂಲಿ, ನೀರು ಕೊಡು. ಬೆಟ್ಟ ಹತ್ತಿ ಬಂದಿದ್ದಾರೆ," ಅಂದ. "ಹೇಳಿ ಮಂತ್ರಿಗಳೇ." ಏಳು ವರ್ಷದ ಮೇಲೂ ಮಂತ್ರಿಗಳೇ ಅಂದ, ನೀವು ಅಂದ. ಆ ಮರ್ಯಾದೆ ಮನೋರಥನಿಗೆ ದೊಣ್ಣೆ ಏಟಿಗಿಂತ ಜೋರಾಗಿ ತಾಗಿತು.

ನೆಲದ ಮೇಲೆ ಕೂತ. ಎಲ್ಲ ಹೇಳಿದ. ಶಾಲು ಹೊದ್ದು ಆಡುತ್ತಿದ್ದ ಆ ಚೆಂದದ ಮಾತು ಯಾವುದೂ ಇಲ್ಲ. ತೊದಲಿದ, ನಿಂತ, ಮತ್ತೆ ಶುರು ಮಾಡಿದ. "ನಿಮ್ಮ ತುಪ್ಪದ ವಿಷಯ ತಿರುಚಿ ಹೇಳಿದ್ದು ನಾನು. ಧಾನ್ಯ ತಡೆದದ್ದೂ ನಾನು. ಘಾಟಿ ಖಾಲಿ ಇದೆ ಅಂತ ಪಡುವಣಕ್ಕೆ ಬರೆದದ್ದು ನಾನು. ಇನ್ನು ನಾಲ್ಕೇ ದಿನಕ್ಕೆ ಬರ್ತಾರೆ. ಐದು ಹಳ್ಳಿ ಸುಡ್ತಾರೆ."

"ಇದನ್ನ ನಿಮಗೆ ಹೇಳಿದ್ದು ಯಾರು?" ಪದಮ್ ಕೂಡ ಅದೇ ಪ್ರಶ್ನೆ ಕೇಳಿದ.

"ಅವರ ಸೇನಾಪತಿಯೇ. ನಾನು ಅವನ ಪಕ್ಕದಲ್ಲಿ ಕೂತಿದ್ದೆ."

"ಇದು ಗೊತ್ತಾದ್ರೆ ರಾಜರು ಏನು ಮಾಡ್ತಾರೆ ನಿಮ್ಮನ್ನ?"

"ನೇಣು ಹಾಕ್ತಾರೆ."

"ಮತ್ತೆ ಯಾಕೆ ಬಂದ್ರಿ?"

ಮನೋರಥ ತಲೆ ಎತ್ತಲಿಲ್ಲ. "ನಮ್ಮಕ್ಕ ಅಲ್ಲಿದ್ದಾಳೆ. ದೇಶಕ್ಕೋಸ್ಕರ ಬಂದೆ ಅಂತ ಹೇಳಬಹುದು ಪದಮ್. ಆದರೆ ಅಕ್ಕನಿಗೋಸ್ಕರ ಬಂದೆ."

ಪದಮ್ ಉಣ್ಣೆ ಕೆಳಗಿಟ್ಟು ಎದ್ದ. "ಇವರು ನಿಜ ಹೇಳ್ತಿದ್ದಾರೆ," ಅಂದ.

"ಏನು ನೋಡಿ ಹೇಳ್ತೀರಿ ರೀ?" ಬಚೂಲಿ ಸಿಡಿದಳು. "ಇಡೀ ದರ್ಬಾರು ನಂಬಲಿಲ್ಲವಂತೆ!"

"ದರ್ಬಾರಿನವರಿಗೆ ಇವರ ಸುಳ್ಳು ಅಷ್ಟು ಹತ್ತಿರದಿಂದ ಗೊತ್ತಿಲ್ಲ. ನನಗೆ ಗೊತ್ತು. ಅವತ್ತು ನನ್ನ ಕತ್ತಿ ಬಿಚ್ಚುವಾಗ ಈ ಮುಖವನ್ನ ಕಣ್ಣು ಮಿಟುಕಿಸದೆ ನೋಡಿದ್ದೀನಿ. ಎಷ್ಟು ಚೆಂದ ಇತ್ತು! ಮಾತೆಲ್ಲ ಬೆಣ್ಣೆ. ಇವತ್ತು ನೋಡು, ಇವರು ಆಡಿದ ಒಂದೊಂದು ಮಾತೂ ಇವರಿಗೇ ಕೇಡು. ಸುಳ್ಳು ಹೇಳೋನು ತನಗೆ ಕೇಡಾಗೋ ಸುಳ್ಳು ಹೇಳ್ತಾನಾ?"

ಬಚೂಲಿ ಸುಮ್ಮನಾಗಲಿಲ್ಲ. ಹೆಣ್ಣುಮಗಳು, ನಾಲ್ಕು ತಿಂಗಳು ರೊಟ್ಟಿ ಸುಟ್ಟ ಕೈ ಅದು. "ನಿಜವೇ ಇರಲಿ. ನಾವು ಯಾಕೆ ಹೋಗಬೇಕು? ಕತ್ತಿ ಕಿತ್ಕೊಂಡ ರಾಜ ಇದ್ದಾನಲ್ಲ, ಅವನು ಕಾಯಲಿ ತನ್ನ ಘಾಟಿ."

"ಆ ಐದು ಹಳ್ಳಿಯವರು ನನ್ನ ಕತ್ತಿ ಕಿತ್ಕೊಂಡಿರಲಿಲ್ಲ, ಬಚೂಲಿ."

ಅವಳು ಗಂಡನ ಮುಖವನ್ನೇ ನೋಡಿದಳು. ದೊಣ್ಣೆಯನ್ನ ರಾಶಿಗೆ ಎಸೆದು ತಲೆಗೆ ಬಟ್ಟೆ ಕಟ್ಟಿಕೊಂಡಳು. "ನೀವು ಘಾಟಿಗೆ ನಡೀರಿ. ಜನರನ್ನ ನಾನು ಕರ್ಕೊಂಡು ಬರ್ತೀನಿ." ಐದು ಹಳ್ಳಿ, ಸುತ್ತಲಿನ ಕುರಿಹಟ್ಟಿ ಎಲ್ಲ ತಿರುಗಿದಳು. ಅವಳ ಕೈಯ ರೊಟ್ಟಿ ತಿಂದಿದ್ದ ಹಳೇ ಸೈನಿಕರು ಕೇಳಿದ್ದು ಒಂದೇ ಮಾತು: "ದಳವಾಯಿಗಳು ಬರ್ತಾರಾ?" ಬರ್ತಾರೆ ಅಂದಳು. ಮನೆಯ ಕತ್ತಿ, ಕುಡುಗೋಲು, ಬಿಲ್ಲು ಹಿಡಿದು ಬಂದರು. ಹೆಂಗಸರು ಬಂದರು. ಮುದುಕರು ಡೋಲು, ಕೊಂಬು ಹೊತ್ತು ಬಂದರು. ಮನೋರಥನ ಅಕ್ಕನೂ ಬಂದಳು. ಒಟ್ಟು ಮುನ್ನೂರು ಜನ. ಬರೋ ಸೈನ್ಯ ಎರಡು ಸಾವಿರ.

ಮನೋರಥನ ಹಳೇ ಬುದ್ಧಿ ಎಲ್ಲಿ ಹೋಗುತ್ತೆ? "ಪದಮ್, ನಾನೇ ಹೋಗಿ ಅವರಿಗೆ ಹೇಳ್ತೀನಿ. ಇಲ್ಲಿ ಹತ್ತು ಸಾವಿರ ಜನ ಇದ್ದಾರೆ ಅಂತ ನಂಬಿಸ್ತೀನಿ. ನನಗೆ ಬರುತ್ತೆ ಅದು," ಅಂದ.

"ಬೇಡ," ಅಂದ ಪದಮ್. "ನೀವು ಕಲ್ಲು ಹೊರಿ."

ಏಳು ಭಾಷೆ ಬಲ್ಲ ಮಂತ್ರಿ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ. ಕೆಳಗಿನ ಹಳ್ಳದಿಂದ ಬೆಟ್ಟದ ನೆತ್ತಿಗೆ ಕಲ್ಲು ಹೊತ್ತ. ಒಂದು ದಿನ ಹೊತ್ತ, ಎರಡು ದಿನ ಹೊತ್ತ. ಭುಜ ಕಿತ್ತುಬಂತು, ಅಂಗೈ ಒಡೆದು ರಕ್ತ ಬಂತು. ಯಾರೂ ಅವನ ಜೊತೆ ಮಾತಾಡಲಿಲ್ಲ. ಅಕ್ಕ ಕೂಡ ಮುಖ ತಿರುಗಿಸಿದಳು. ಮೂರನೇ ದಿನ ಬಚೂಲಿ ಅವನ ಮುಂದೆ ಎರಡು ರೊಟ್ಟಿ ಇಟ್ಟಳು. "ತಿನ್ನು. ಬಿದ್ದು ಸತ್ತರೆ ಆ ಬುಟ್ಟಿ ಹೊರೋರಿಲ್ಲ," ಅಂದಳು. ಅವಳ ಬಾಯಲ್ಲಿ ಬಂದ ಒಳ್ಳೇ ಮಾತು ಅಷ್ಟೇ. ಮನೋರಥ ಅಳ್ತಾ ತಿಂದ. ಅವತ್ತು ಅವನ ಅಳು ಚೆನ್ನಾಗಿದೆ ಅಂತ ಯಾರೂ ಅನ್ನಲಿಲ್ಲ.

ನಾಲ್ಕನೇ ದಿನ. ಸೂರ್ಯ ಹಿಮದ ಶಿಖರಗಳ ಮೇಲೆ ಬಂದ. ಎರಡು ಸಾವಿರ ಸೈನಿಕರು ಒಬ್ಬರ ಹಿಂದೆ ಒಬ್ಬರು ಘಾಟಿ ಹತ್ತೋಕೆ ಶುರು ಮಾಡಿದರು. ಸೇನಾಪತಿ ಕುದುರೆಯಿಂದಿಳಿದು ಸಾಲಿನ ಮುಂದೆ ಬರ್ತಿದ್ದ. ದಾರಿ ನಡುವಿನ ಬಂಡೆ ಮೇಲೆ ಒಬ್ಬನೇ ಒಬ್ಬ ಮನುಷ್ಯ ನಿಂತಿದ್ದ. ಪದಮ್.

"ಹಿಂದಕ್ಕೆ ಹೋಗಿ," ಅಂದ. "ಈ ಘಾಟಿಗೆ ಕಾವಲಿದೆ."

ಸೇನಾಪತಿ ಗಹಗಹಿಸಿದ. "ನಿಮ್ಮ ಮಂತ್ರಿಯೇ ಬರೆದಿದ್ದಾನೆ, ಘಾಟಿ ಖಾಲಿ ಅಂತ!"

ಬಂಡೆಯ ಹಿಂದಿನಿಂದ ಹರಿದ ಬಟ್ಟೆಯ ಒಬ್ಬ ಹತ್ತಿ ಬಂದ. ಶಾಲಿಲ್ಲ, ಪೇಟ ಇಲ್ಲ, ಕೈಯೆಲ್ಲ ರಕ್ತ. ಸೇನಾಪತಿಗೆ ಗುರುತೇ ಸಿಗಲಿಲ್ಲ. "ಬರೆದವನು ನಾನೇ," ಅಂತ ಕೂಗಿದ. "ಅವತ್ತು ಬರೆದದ್ದು ನಿಜ ಇತ್ತು. ಇವತ್ತು ಘಾಟಿ ಖಾಲಿ ಇಲ್ಲ. ನೀವು ಬರೋದು ಇವರಿಗೆ ಹೇಳಿದವನೂ ನಾನೇ!"

ಸೇನಾಪತಿ ಬಾಣ ಬಿಡಿಸಿದ. ಅದು ಮನೋರಥನ ತೊಡೆಗೆ ನಾಟಿತು. ಅದೇ ಗಳಿಗೆಗೆ ಪದಮ್ ಕೈ ಎತ್ತಿದ. ಕೊಂಬು ಕೂಗಿತು! ಡೋಲು ಗುಡುಗಿತು! ಎರಡೂ ಬೆಟ್ಟದ ನೆತ್ತಿ ಮೇಲೆ ಜನ ಎದ್ದು ನಿಂತರು, ಮುದುಕರು, ಹೆಂಗಸರು, ಸೈನಿಕರು. ಮೂರು ದಿನ ಹೊತ್ತ ಕಲ್ಲುಗಳು ಉರುಳಿದವು. ಸಾಲಿನ ಮುಂದೆ ದಾರಿ ಮುಚ್ಚಿತು. ಸಾಲಿನ ನಡುವೆ ದಾರಿ ಮುಚ್ಚಿತು. ಸೇನಾಪತಿಯೂ ಮುಂದಿನ ಎಂಬತ್ತು ಜನರೂ ಎರಡು ಕಲ್ಲುರಾಶಿಗಳ ನಡುವೆ ಸಿಕ್ಕಿಕೊಂಡರು. ಹಿಂದಿನವರಿಗೆ ಮುಂದೆ ಏನಾಯ್ತು ಅಂತ ಕಾಣ್ತಿಲ್ಲ, ಬೆಟ್ಟದ ತುಂಬ ಡೋಲಿನ ಸದ್ದು. ಘಾಟಿಯೇ ಕುಸಿದು ಬೀಳ್ತಿದೆ ಅಂದುಕೊಂಡು ತಿರುಗಿ ಓಡಿದರು. ಧ್ವಜ ಬಿಟ್ಟು, ಡೇರೆ ಬಿಟ್ಟು, ಧಾನ್ಯದ ಮೂಟೆ ಬಿಟ್ಟು ಓಡಿದರು! ಸೇನಾಪತಿ ಕತ್ತಿ ಕೆಳಗಿಟ್ಟ. ಆ ಕತ್ತಿ ಎತ್ತಿಕೊಂಡದ್ದು ಯಾರು? ಬಚೂಲಿ. ತಂದು ಗಂಡನ ಕೈಗೆ ಕೊಟ್ಟಳು. "ಹಿಡೀರಿ. ನಿಮ್ಮದಕ್ಕಿಂತ ಚೆನ್ನಾಗಿದೆ," ಅಂದಳು.

ಐದು ಹಳ್ಳಿಯಲ್ಲಿ ಅವತ್ತೂ ಹೊಗೆ ಎದ್ದಿತು. ಅಡುಗೆ ಒಲೆಯ ಹೊಗೆ.

ಹೊಳೆದಾರಿಯಲ್ಲಿ ಕಾದು ಕಾದು ಸಾಕಾದ ರಾಜ, ಸುದ್ದಿ ತಿಳಿದು ಮಾರನೇ ದಿನ ಘಾಟಿಗೆ ಬಂದ. ಪದಮ್‌ನ ಮುಂದೆ ತನ್ನ ಪೇಟವನ್ನೇ ತೆಗೆದು ಕೊಟ್ಟ. ಜನ ಜಯಘೋಷ ಮಾಡಿದರು. ಕಥೆ ಇಲ್ಲಿಗೇ ಮುಗೀಬಹುದಿತ್ತು. ಮನೋರಥ ಗಾಯದ ಕಾಲು ಎಳಕೊಂಡು ರಾಜನ ಮುಂದೆ ಬಂದ. ಅವತ್ತು ಅವನು ವೀರ, ಸುಮ್ಮನೆ ಇದ್ದಿದ್ದರೆ ಯಾರೂ ಏನೂ ಕೇಳ್ತಿರಲಿಲ್ಲ. ಅವನು ಸುಮ್ಮನಿರಲಿಲ್ಲ. ಎಲ್ಲರ ಎದುರಿಗೆ, ದರ್ಬಾರಿನಲ್ಲಿ ನುಂಗಿಕೊಂಡಿದ್ದ ಆ ಉತ್ತರವನ್ನ ಹೇಳಿದ. "ಪ್ರಭು, ಗೂಢಚಾರ ಯಾರೂ ಇರಲಿಲ್ಲ. ನಾನೇ ನಿಮ್ಮನ್ನ ಮಾರಿದ್ದೆ."

ರಾಜ ಕೆಂಡವಾದ. "ನೇಣು ಹಾಕಿ!"

"ಪ್ರಭು," ಅಂದ ಪದಮ್. "ನೇಣು ಹಾಕಿದ್ರೆ ಇವರು ಹೇಳಿದ ಸುಳ್ಳುಗಳು ಹಾಗೇ ಉಳೀತವೆ. ಯಾರ್ಯಾರ ಮನೆ ಒಡೆದಿದ್ದಾರೋ ಆ ಮನೆಗೆಲ್ಲ ಇವರೇ ಹೋಗಿ, ಏನು ಸುಳ್ಳು ಹೇಳಿದ್ದೆ ಅಂತ ಬಾಯಿಬಿಟ್ಟು ಹೇಳಲಿ. ಬೇರೆಯವರು ಬಿಚ್ಚೋಕಾಗಲ್ಲ ಆ ಗಂಟನ್ನ."

ಹಾಗೇ ಆಯ್ತು. ಕುಂಟುತ್ತಾ ಮನೆಮನೆಗೆ ಹೋದ. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಉಗಿದರು. ಮುಂದಿನ ವಾರ ಅದೇ ಬಾಗಿಲಿಗೆ ಮತ್ತೆ ಹೋದ. ಒಂದು ವರ್ಷ ಹಿಡೀತು. ಪುರೋಹಿತನೂ ಕೋಠಿ ಅಧಿಕಾರಿಯೂ ಒಂದೇ ಪಂಕ್ತಿಯಲ್ಲಿ ಉಂಡರು. ರಾಣಿ ಅತ್ತೆಯ ಕಾಲು ಹಿಡಿದಳು, ಅತ್ತೆ ಎತ್ತಿ ಅಪ್ಪಿಕೊಂಡಳು. ಮಾತು ಬಿಟ್ಟ ಅಣ್ಣತಮ್ಮಂದಿರು ಬಿದ್ದ ಕೋಟೆಗೋಡೆಯನ್ನ ಸೇರಿ ಕಟ್ಟಿದರು. ಅರಮನೆಯ ಸೂರಿಗೆ ಹೊಸ ದೇವದಾರು ಬಂತು. ಸಾಯೋಕೆ ಮಲಗಿದ್ದ ರಾಜ್ಯ ಎದ್ದು ಕೂತಿತು! ಮನೋರಥ ಅಕ್ಕನ ಹಳ್ಳಿಯಲ್ಲೇ ಉಳಿದ. ಅಕ್ಕ ಮತ್ತೆ ಮಾತಾಡಿಸೋಕೆ ಎಷ್ಟು ದಿನ ತಗೊಂಡಳು ಅಂತ ನನಗೆ ಗೊತ್ತಿಲ್ಲ. ಆದರೆ ಮಾತಾಡಿಸಿದಳು.

ಈಗ ನಿಮ್ಮ ಕಡೆ ಬರ್ತೀನಿ.

ರಾಜ್ಯ ಬೇಡ, ನಮ್ಮ ಬೀದಿ ಸಾಕು. ಈ ಬೀದಿಯಲ್ಲಿ ಎಷ್ಟು ಜನ ಎದುರಾಎದುರು ಸಿಕ್ಕರೂ ಮುಖ ತಿರುಗಿಸ್ತೀರಿ? ಅದರಲ್ಲಿ ಎಷ್ಟು ಜಗಳ ನೀವೇ ಆಡಿದ್ದು, ಎಷ್ಟು ಜಗಳ ಯಾರೋ ತಂದುಕೊಟ್ಟದ್ದು? ಯಾರೋ ಅಂದ್ರೆ ಯಾರು? ತಾಯಂದಿರೇ, ನೀವು. ಯಜಮಾನ್ರೇ, ನೀವು. ಮೈಕ್ ಹಿಡಿದಿದ್ದೀನಿ ಅಂತ ನನ್ನನ್ನ ಬಿಡಬೇಡಿ, ನಾನೂ. ಅಂಗಡಿಕಟ್ಟೆ ಮೇಲೆ ಕೂತು, ಆಫೀಸಿನ ಟೀ ಹೊತ್ತಿನಲ್ಲಿ, ಸ್ತ್ರೀಶಕ್ತಿ ಸಂಘದ ಮೀಟಿಂಗ್ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ, ಫೋನಿನಲ್ಲಿ ಯಾರದ್ದೋ ಮಾತನ್ನ ರೆಕಾರ್ಡ್ ಮಾಡಿ ಇನ್ನೊಬ್ಬರಿಗೆ ಕಳಿಸುವಾಗ, ನಾವೆಲ್ಲ ಶಾಲು ಹೊದ್ದ ಮಂತ್ರಿಗಳೇ. ಸೊಸೆ ತವರಿಗೆ ಫೋನ್ ಮಾಡಿದಳು, ಅದು ನಿಜ. "ಯಾಕೆ ಮಾಡಿದಳೋ" ಅಂತ ಮಗನ ಕಿವಿಯಲ್ಲಿ ಇಟ್ಟೆವಲ್ಲ, ಆ ಪ್ರಶ್ನೆ ನಮ್ಮದು.

ಆಮೇಲೆ ಒಂದಿನ ಬರುತ್ತೆ. ಮಗ ದಾರಿ ತಪ್ಪುತ್ತಿದ್ದಾನೆ, ಕೈ ಮೀರಿ ಹೋಗ್ತಿದ್ದಾನೆ ಅಂತ ಎದೆ ಬಡಕೊಂಡು ನಿಜ ಹೇಳ್ತೀರಿ. ಯಾರೂ ನಂಬಲ್ಲ. ಆಗ ಅತ್ತು ಏನು ಪ್ರಯೋಜನ?

ಹಾಗಾಗಿ ಮಾಡಬೇಕಾದ್ದು ಹೇಳ್ತೀನಿ, ಸುಲಭ ಅಲ್ಲ. ಇಲ್ಲದವರ ಬಗ್ಗೆ ಮಾತಾಡೋ ಮುಂಚೆ, ಅವರು ಪಕ್ಕದಲ್ಲೇ ಕೂತಿದ್ರೆ ಇದನ್ನೇ ಹೀಗೇ ಆಡ್ತಿದ್ನಾ ಅಂತ ಕೇಳಿಕೊಳ್ಳಿ. ಆಡಲ್ಲ ಅಂತಾದ್ರೆ ಬಾಯಿ ಮುಚ್ಚಿ. ಮೊದಲ ವಾರ ತುಂಬ ಕಷ್ಟ, ಮಾತಾಡೋಕೆ ವಿಷಯವೇ ಸಿಗಲ್ಲ! ಇರಲಿ. ಆಗಲೇ ಆಡಿಬಿಟ್ಟಿರೋದು ಇದೆಯಲ್ಲ, ಅದಕ್ಕೆ ನೀವೇ ಹೋಗಬೇಕು. ಹೋಗಿ, ನೆಪ ಹೇಳದೆ, ಅರ್ಧ ಮುಚ್ಚಿಡದೆ, "ನಾನು ನಿಮ್ಮ ಬಗ್ಗೆ ಹೀಗಂದಿದ್ದೆ, ಅದು ಸುಳ್ಳು" ಅನ್ನಿ. ಬಾಗಿಲು ಹಾಕ್ಕೊಂಡರೆ ಮುಂದಿನ ವಾರ ಮತ್ತೆ ಹೋಗಿ. ಇನ್ನು, ಅನ್ಯಾಯ ಅನುಭವಿಸಿದವರು ನೀವಾಗಿದ್ದರೆ, ಬಂದವರಿಗೆ ಮೊದಲು ನೀರು ಕೊಡಿ. ಬೈಯೋದಿದ್ದರೆ ನೀರು ಕುಡಿದ ಮೇಲೆ ಬೈಯಿರಿ, ಆದರೆ ಮಾತು ಕೇಳಿ.

ಒಂದು ಮುಖ ಈಗ ನಿಮ್ಮ ಕಣ್ಣ ಮುಂದೆ ಬಂದಿದೆ. ಬಂದಿದೆ ತಾನೇ? ನನಗೆ ಹೆಸರು ಹೇಳಬೇಡಿ. ಆ ಮನೆ ಇಲ್ಲಿಂದ ಎಷ್ಟು ದೂರ? ನಾಲ್ಕು ಮನೆಯಾಚೆನಾ, ಹಿಂದಿನ ಬೀದಿನಾ? ಇನ್ನೂ ಸಂಜೆ ಐದೂವರೆ, ಬೆಳಕಿದೆ. ಪ್ರಸಾದಕ್ಕೆ ಸಾಲು ನಿಲ್ಲೋ ಮುಂಚೆ ಅಲ್ಲಿಗೆ ಹೋಗಿ ಬನ್ನಿ. ಪಾತ್ರೆ ಮುಚ್ಚಿಡಿಸಿದ್ದೀನಿ, ಬಿಸಿ ಆರಲ್ಲ. ನೀವು ವಾಪಸ್ ಬರೋವರೆಗೂ ನಾನು ಇಲ್ಲೇ ಕೂತಿರ್ತೀನಿ. ಏಳಿ.